ಎರಡು ಪೆಡಲಿನ ಗಾಡಿ

ಮೀಟರಿನಲ್ಲಿ ಗೇರು ತೋರಿಸುವ ಜಾಗ ಖಾಲಿ ಇತ್ತು. ನ್ಯೂಟ್ರಲ್ ಇದ್ದರೆ ‘ಎನ್’ ಅಂತ ಬರಬೇಕು. ಅಲ್ಲಿ ಎರಡು ಸಣ್ಣ ಗೀಟುಗಳು ಮಾತ್ರ ಮಿಣುಕುತ್ತಿದ್ದವು. ಕೀ ತಿರುಗಿಸಿದೆ. ದೀಪಗಳೆಲ್ಲ ಹತ್ತಿದವು, ಎಂಜಿನ್ ಎಬ್ಬಿಸುವ ಸೆಲ್ಫ್ ತಿರುಗಲಿಲ್ಲ. ಪೆಟ್ರೋಲ್ ಬಂಕಿನಿಂದ ಶಹಾಪುರದ ನನ್ನ ಅಂಗಡಿಯವರೆಗೆ ನಾಲ್ಕು ಜನ ತಳ್ಳಿಕೊಂಡು ಬಂದಿದ್ದ ಏಳು ಸೀಟಿನ ಗಾಡಿ ಅದು. ನ್ಯೂಟ್ರಲ್‌ನಲ್ಲಿ ಸತ್ತಿದ್ದಕ್ಕೆ ತಳ್ಳಲು ಬಂತು. ಗೇರಿನಲ್ಲಿ ಸತ್ತಿದ್ದರೆ ಮುಂದಿನ ಗಾಲಿ ಎತ್ತಿಸಿ ತರಬೇಕಾಗುತ್ತಿತ್ತು.

ಇದು ಬುಧವಾರ. ಗುರುವಾರ ಎಂದು ಮೊದಲು ಬರೆದಿದ್ದೆ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಬುಧವಾರ ಅನ್ನುತ್ತಾನೆ. ಈ ವಿಷಯದಲ್ಲಿ ನನ್ನ ನೆನಪಿಗಿಂತ ಅವನ ನೆನಪು ವಾಸಿ ಎಂದು ತಿಳಿದದ್ದರಿಂದ ಹೊಡೆದು ತಿದ್ದಿದ್ದೇನೆ.

ಗಾಡಿಯ ಮಾಲೀಕರನ್ನು ನಾನು ಕಾಕಾ ಎನ್ನುತ್ತೇನೆ. ಮೊದಲು ಲಾರಿ ಓಡಿಸುತ್ತಿದ್ದವರು. ಈಗ ಅವರ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕಾಲು ಹೋದ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದು, ಆಮೇಲೆ ಎರಡೇ ಪೆಡಲಿನ ಈ ಹಳೇ ಗಾಡಿ ಹುಡುಕಿ ತಂದರು. ಬ್ರೇಕು, ಎಕ್ಸಿಲರೇಟರು, ಎರಡಕ್ಕೂ ಬಲಗಾಲು ಸಾಕು. ಶಹಾಪುರದಿಂದ ಸುರಪುರದ ಸುತ್ತಲಿನ ಹಳ್ಳಿ ಶಾಲೆಗಳಿಗೆ ಹೋಗುವ ಶಿಕ್ಷಕಿಯರನ್ನು ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು ಅವರ ಕೆಲಸ. ಬೇಸಿಗೆ ರಜೆ ಮುಗಿದು ಸೋಮವಾರ ಶಾಲೆ ಶುರುವಾಗುವುದಿತ್ತು.

“ಹೆಡ್ ಮೇಡಂ ಫೋನ್ ಮಾಡಿದ್ರು. ಸೋಮವಾರ ಎಂಟಕ್ಕ ಗಾಡಿ ಮನಿ ಮುಂದ ನಿಂದಿರಬೇಕು ಅಂದ್ರು. ಇಲ್ಲಂದ್ರ ಬ್ಯಾರೇದು ಗೊತ್ತು ಮಾಡ್ಕೋತಾರಂತ. ವರ್ಷದ ಬಾಡಿಗಿ ಮಾತು ಒಂದ ದಿನದಾಗ ಆಗಿ ಹೋಗತದ ಉಸ್ತಾದ.”

“ಆಗತದ ಬಿಡ್ರಿ ಕಾಕಾ.”

“ಆಗತದ ಅಂತ ಎಲ್ಲಾ ಮಿಸ್ತ್ರಿಗಳೂ ಅಂತಾರ. ಯಾವಾಗ ಅಂತ ಒಬ್ಬಾವನೂ ಹೇಳಂಗಿಲ್ಲ.”

ನಾನು ಅವರಿಗೆ ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಟ್ಟೆ. ಅವರು ಕುರ್ಚಿ ಬಿಟ್ಟು, ನಾನು ಯಾವುದೋ ಜೀಪಿನಿಂದ ಬಿಚ್ಚಿಟ್ಟಿದ್ದ ಸೀಟಿನ ಮೇಲೆ ಕೂತರು. ಗಾಡಿ ಎದುರಿಗೇ ಕಾಣುವಂತೆ.

ಈ ಗಾಡಿಗೆ ಕ್ಲಚ್ ಇಲ್ಲ ಎಂದು ಜನ ಅನ್ನುತ್ತಾರೆ. ಕ್ಲಚ್ ಇದೆ; ಕ್ಲಚ್ ಪೆಡಲ್ ಇಲ್ಲ. ಬೇರೆ ಗಾಡಿಯಲ್ಲಿ ಎಡಗಾಲು ಮಾಡುವ ಕೆಲಸವನ್ನು ಇದರಲ್ಲಿ ಎಣ್ಣೆಗೆ ಒತ್ತಡ ಕೊಡುವ ಒಂದು ಪಂಪು ಮಾಡುತ್ತದೆ. ಯಾವಾಗ ಒತ್ತಬೇಕು, ಎಷ್ಟು ಬಿಡಬೇಕು ಎಂದು ಆ ಪಂಪಿಗೆ ಹೇಳುವುದು ಬ್ಯಾಟರಿಯ ಪಕ್ಕದಲ್ಲಿರುವ ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ. ಕಂಪನಿಯವರು ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಎನ್ನುತ್ತಾರೆ. ನಾವು ಗೇರಿನ ಡಬ್ಬಿ ಎನ್ನುತ್ತೇವೆ. ಡಬ್ಬಿ ಮಾತಾಡದಿದ್ದರೆ ಎಂಜಿನ್ನಿಗೆ ಗಾಡಿ ಯಾವ ಗೇರಿನಲ್ಲಿದೆ ಎಂಬ ಭರವಸೆ ಇರುವುದಿಲ್ಲ. ಹಾಗಾಗಿ ಸೆಲ್ಫ್ ತಿರುಗಲು ಬಿಡುವುದಿಲ್ಲ.

ಗಾಡಿಯ ಮಾಡ್ಯೂಲುಗಳನ್ನು ಮಾತಾಡಿಸುವ ಸ್ಕ್ಯಾನರ್ ಹಚ್ಚಿದೆ. ಎಂಜಿನ್ ಮಾತಾಡಿತು, ಬ್ರೇಕಿನ ಮಾಡ್ಯೂಲ್ ಮಾತಾಡಿತು. ಗೇರಿನ ಡಬ್ಬಿ ಮಾತಾಡಲಿಲ್ಲ. ಇಷ್ಟರಿಂದಲೇ ಡಬ್ಬಿ ಸತ್ತಿದೆ ಎನ್ನಲಾಗದು. ಡಬ್ಬಿಗೆ ಕರೆಂಟು ಬರದಿದ್ದರೂ ಇದೇ ಉತ್ತರ, ತಂತಿ ಕಡಿದಿದ್ದರೂ ಇದೇ ಉತ್ತರ. ಫ್ಯೂಸ್ ನೋಡಿದೆ, ಸರಿ ಇತ್ತು. ಡಬ್ಬಿಯ ಸಾಕೆಟ್ ಬಿಚ್ಚಿ, ಕರೆಂಟಿನ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಬ್ರೇಕ್ ಲೈಟಿನ ಬಲ್ಬು ಹಚ್ಚಿದೆ. ಬರೀ ಮೀಟರ್ ಹಿಡಿದರೆ ಕೂದಲೆಳೆಯಷ್ಟು ತಂತಿ ಉಳಿದಿದ್ದರೂ ಹನ್ನೆರಡು ವೋಲ್ಟ್ ತೋರಿಸುತ್ತದೆ. ಬಲ್ಬು ಹಾಗೆ ಮೋಸ ಹೋಗುವುದಿಲ್ಲ. ಹತ್ತಿತು. ಬ್ಯಾಟರಿ ಬಿಚ್ಚಿ, ಮಾಡ್ಯೂಲುಗಳು ಪರಸ್ಪರ ಮಾತಾಡುವ ಎರಡು ತಂತಿಗಳ ನಡುವೆ ಅಳೆದೆ. ಅರವತ್ತು ಓಮ್, ಇರಬೇಕಾದಷ್ಟೇ; ತಂತಿ ಕಡಿದಿರಲಿಲ್ಲ.

ಬಲ್ಬು ಹತ್ತಿತು ಎಂದು ಬರೆದೆ. ಪೂರ್ತಿ ಹತ್ತಿತೋ ತುಸು ಮಂಕಾಗಿತ್ತೋ ಈಗ ಹೇಳಲಾರೆ. ಬಿಸಿಲಿನಲ್ಲಿ ನೋಡಿದ್ದೆ. ಹತ್ತಲಿ ಎಂದು ಬಯಸಿಯೂ ನೋಡಿದ್ದೆ.

ಡಬ್ಬಿ ತೆಗೆದು, ಸುತ್ತಲಿನ ಅಂಟನ್ನು ಬ್ಲೇಡಿನಿಂದ ಕೊರೆದು ಮುಚ್ಚಳ ಎಬ್ಬಿಸಿದೆ. ಸುಟ್ಟ ವಾಸನೆ ಬಂತು. ಒಳಗಿನ ಹಸಿರು ಸರ್ಕಿಟ್ ಹಲಗೆಯ ಒಂದು ಮೂಲೆಯಲ್ಲಿ, ಅರ್ಥ್ ಪಿನ್ನಿನಿಂದ ಒಳಗೆ ಹೋಗುವ ತಾಮ್ರದ ಗೆರೆ ಕಪ್ಪಾಗಿ ಸಿಡಿದಿತ್ತು. ಕರೆಂಟು ಬರುವ ದಾರಿ ಸುಟ್ಟಿದ್ದರೆ ನೂರು ಕಾರಣ ಹುಡುಕಬಹುದು. ಅರ್ಥಿನ ದಾರಿ ಸುಟ್ಟಿದೆ ಎಂದರೆ ಹೊರಗಿನಿಂದ ಯಾವುದೋ ದೊಡ್ಡ ಕರೆಂಟು ಈ ಸಣ್ಣ ಓಣಿಯೊಳಗೆ ನುಗ್ಗಿ ಹೋಗಿದೆ. ನನಗೆ ಗೊತ್ತಿರುವಂತೆ ಆ ಕೆಲಸ ಮಾಡುವುದು ವೆಲ್ಡಿಂಗ್.

ಎರಡು ದಿನದ ಹಿಂದೆ ಕಾಕಾ ಚಾಲಕನ ಬಾಗಿಲ ಕೆಳಗೆ ಒಂದು ಮೆಟ್ಟಿಲು ಬೆಸೆಸಿದ್ದರು. ಒಂದೇ ಕಾಲಿನಿಂದ ಹತ್ತಲು ಅಷ್ಟು ಎತ್ತರ ಕಷ್ಟವಾಗುತ್ತಿತ್ತು. ಪಕ್ಕದ ಅಂಗಡಿಗೆ ಕಳಿಸಿದವನು ನಾನೇ. ವೆಲ್ಡಿಂಗ್ ಅಂಗಡಿಯವನೂ ನಾನೂ ಒಂದೇ ಶಾಲೆಯಲ್ಲಿ ಫೇಲಾದವರು. ಹಲಗೆ ಹಿಡಿದುಕೊಂಡು ಅವನ ಮುಂದೆ ನಿಂತೆ.

“ಲೇ, ಬ್ಯಾಟರಿ ಟರ್ಮಿನಲ್ ಬಿಚ್ಚಿ ವೆಲ್ಡಿಂಗ್ ಹಚ್ಚಿದೇನು?”

“ಬಿಚ್ಚಿದ್ದೆ.”

“ಸುಳ್ಳು ಹೇಳಬ್ಯಾಡ. ಇಲ್ಲಿ ನೋಡು, ಹ್ಯಾಂಗ ಸುಟ್ಟದ.”

ಅವನು ಕನ್ನಡಕ ಹಣೆಯ ಮೇಲೆ ಸರಿಸಿ ಹಲಗೆ ನೋಡಿದ. “ನಾ ಬಿಚ್ಚಿದ್ದೆ ದೋಸ್ತ. ಬೋಲ್ಟ್ ಬಿಚ್ಚೂ ಪಾನಾ ನಿನ್ನ ಅಂಗಡ್ಯಾಗಿಂದ ತಂದಿದ್ದೆ, ನೀನ ಕೊಟ್ಟಿದ್ದಿ. ಅರ್ಥ್ ಕ್ಲಿಪ್ ಎಲ್ಲಿ ಹಾಕಲಿ ಅಂತ ನಿನ್ನ ಕೇಳ್ದೆ. ಬಾಡಿ ಬಣ್ಣ ಕೆರೀಬ್ಯಾಡ, ಕಾಕಾ ಬೈತಾರ, ಗೇರ್‌ಬಾಕ್ಸಿಗೆ ಹಾಕು, ಅಲ್ಲಿ ಬೋಳು ಲೋಹ ಅದ ಅಂದಿ.”

“ನಾ ಅಂದೆ?”

“ನೀನ. ಬಾಯಾಗ ಎಲಿ ಅಡಿಕಿ ಇತ್ತು. ಕೈ ಮಾಡಿ ತೋರಿಸಿದಿ.”

ನನಗೆ ಅದು ನೆನಪಿಲ್ಲ. ಬಣ್ಣ ಕೆರೆಯದೆ ಬೋಳು ಲೋಹ ಹುಡುಕಿ ಕ್ಲಿಪ್ ಹಾಕುವುದು ನಮ್ಮ ಸಾಲಿನ ಎಲ್ಲಾ ಅಂಗಡಿಗಳ ಮರ್ಯಾದೆ. ಗಿರಾಕಿಯ ಗಾಡಿಯ ಮೇಲೆ ಗೀರು ಬಿದ್ದರೆ ಕೆಲಸ ಎಷ್ಟೇ ಚೆನ್ನಾಗಿರಲಿ ಕೆಟ್ಟಿತು ಎಂದೇ ಲೆಕ್ಕ. ಹಾಗಾಗಿ ಅಂದಿರಬಹುದು. ಆದರೆ ಆ ಹೊತ್ತಿಗೆ ನಾನು ಅವನನ್ನು ನಂಬಲಿಲ್ಲ. ಕಾಕಾನ ಮುಂದೆ ಬಂದು, “ವೆಲ್ಡಿಂಗಿನ್ಯಾಗ ಹೋಗ್ಯದರಿ” ಎಂದೆ. ಅಷ್ಟೇ ಅಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಆದರೆ ಕಾಕಾ ಪಕ್ಕದ ಅಂಗಡಿಯ ಕಡೆ ತಿರುಗಿ ನೋಡಿದರು. ನೋಡಲು ಬಿಟ್ಟೆ.

ಗುರುವಾರ ಬೆಳಿಗ್ಗೆ ಸುಟ್ಟ ಗೆರೆಯ ಮೇಲೆ ಸೇತುವೆಯಂತೆ ಒಂದು ತಂತಿ ಬೆಸೆದು ಡಬ್ಬಿ ಹಚ್ಚಿದೆ. ಗೀಟು ಹೋಗಿ ‘ಎನ್’ ಬಂತು. ಎಂಜಿನ್ ಶುರುವಾಯಿತು. ಕಾಕಾ ಕೋಲು ಊರಿ ಎದ್ದು ನಿಂತರು. ಗಾಡಿ ಸುಮ್ಮನೆ ನಿಂತಲ್ಲೇ ಓಡುತ್ತಿರಲಿ ಎಂದು ಬಿಟ್ಟೆ. ಒಂದು ಚಹಾ ಕುಡಿಯುವಷ್ಟರಲ್ಲಿ ಮತ್ತೆ ಗೀಟು. ತಣ್ಣಗಾದ ಮೇಲೆ ಮತ್ತೆ ‘ಎನ್’, ಬಿಸಿಯಾದರೆ ಮತ್ತೆ ಗೀಟು. ಏಟು ತಾಮ್ರದ ಗೆರೆಗಿಂತ ಒಳಗೆ, ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪಿನವರೆಗೆ ಹೋಗಿತ್ತು. ಗಾಳಿ ತಾಗುತ್ತ ಓಡಿದರೆ ಆ ಡಬ್ಬಿ ಸುರಪುರದವರೆಗೆ ಹೋಗುತ್ತಿತ್ತೇನೋ. ನಡುದಾರಿಯಲ್ಲಿ ಸತ್ತರೆ ಒಳಗೆ ಏಳು ಜನ.

ಕಲಬುರಗಿಯ ಕಂಪನಿ ಶೋರೂಮಿಗೆ ಫೋನ್ ಮಾಡಿದೆ. ಹೊಸ ಡಬ್ಬಿ ತರಿಸಲು ಮೂರು ವಾರ, ಗಾಡಿ ಅಲ್ಲಿಗೇ ತರಬೇಕು. ಬೆಲೆ ಹೇಳಿದಾಗ ಸ್ಪೀಕರಿನಲ್ಲಿ ಕೇಳುತ್ತಿದ್ದ ಕಾಕಾ, “ಅಷ್ಟಕ್ಕ ನನ್ನ ಕಾಲು ವಾಪಸ್ ಬರತದೇನು ಕೇಳು” ಅಂದರು. ಮೂರು ವಾರ ಎಂದರೆ ಸೋಮವಾರ ಮುಗಿದ ಹಾಗೆಯೇ. ಹೈದರಾಬಾದಿನ ಹಳೇ ಸಾಮಾನಿನ ವ್ಯಾಪಾರಿಗೆ ಡಬ್ಬಿಯ ಮೇಲಿನ ನಂಬರಿನ ಫೋಟೊ ಕಳಿಸಿದೆ. ಅಪಘಾತದಲ್ಲಿ ಹಿಂಬದಿ ಜಜ್ಜಿಹೋದ ಅದೇ ಜಾತಿಯ ಗಾಡಿ ಒಂದು ಅವನಲ್ಲಿತ್ತು, ಮುಂಬದಿ ಚೆನ್ನಾಗಿತ್ತು. ಯಾದಗಿರಿಗೆ ಬರುವ ಬಸ್ಸಿಗೆ ಡಬ್ಬಿ ಕೊಟ್ಟು ಕಳಿಸಿದ.

ಶುಕ್ರವಾರ ಯಾದಗಿರಿಗೆ ಹೋದೆ. ಪಾರ್ಸೆಲ್ ತೆಗೆದುಕೊಂಡು, ಅಲ್ಲಿ ನನಗೆ ಪರಿಚಯದ ಒಬ್ಬ ಗೇರ್‌ಬಾಕ್ಸ್ ಮಿಸ್ತ್ರಿಯ ಹತ್ತಿರ ಹೋದೆ. ಒಂದು ಗಾಡಿಯ ಡಬ್ಬಿ ಇನ್ನೊಂದು ಗಾಡಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಅವನನ್ನು ಕೇಳುವುದಿತ್ತು. ಅವನು ಡಬ್ಬಿಯನ್ನು ಮುಟ್ಟಲೂ ಇಲ್ಲ.

“ಇವೆಲ್ಲ ಯಾಕ ಬೇಕು? ಡಬ್ಬಿ, ಪಂಪು, ಎಲ್ಲಾ ಕಿತ್ತು ಒಗಿ. ಸಾದಾ ಗೇರ್‌ಬಾಕ್ಸ್ ಅದನ ಒಳಗ. ಒಂದು ಕ್ಲಚ್ ಪೆಡಲ್, ಒಂದು ಕೇಬಲ್, ಒಂದು ಗೇರ್ ರಾಡ್. ಎರಡು ದಿನದ ಕೆಲಸ. ಜಿಂದಗೀ ಭರ ತ್ರಾಸಿಲ್ಲ.”

“ಗಾಡಿಯವ್ರಿಗೆ ಎಡಗಾಲಿಲ್ಲ.”

“ಹಂಗಾರ ಡ್ರೈವರ್ ಇಟ್ಕೋರಿ ಅನ್ನು.”

“ಅವ್ರೇ ಡ್ರೈವರ್.”

“ಹಂಗಾರ ನನ್ನ ಕೇಳಾಕ ಯಾಕ ಬಂದಿ?” ಎಂದ. ನ್ಯಾಯವಾದ ಮಾತು.

ಶನಿವಾರ ಹೈದರಾಬಾದಿನ ಡಬ್ಬಿ ಹಚ್ಚಲು ಕೂತೆ. ಸಾಕೆಟ್ ಕೈಯಲ್ಲಿ ಹಿಡಿದಾಗ ಕಾಕಾ ಮರದ ಕೆಳಗಿನಿಂದ ಅಂದರು:

“ಉಸ್ತಾದ, ಹೆಂಗೂ ಬಿಚ್ಚೀಯಲ್ಲ, ಹಾರ್ನೂ ನೋಡು. ನೀ ಸೆಲ್ಫ್ ಹಾಕಿದ ಮ್ಯಾಲ ಅದರ ದನಿ ಇಳದದ. ಕುರಿ ಕೆಮ್ಮಿದಂಗ ಆಗತದ. ಅವತ್ತ ಹೇಳಿದ್ದೆ, ನಕ್ಕಿದಿ.”

ಒಂದು ತಿಂಗಳ ಹಿಂದೆ ಈ ಗಾಡಿಯ ಸೆಲ್ಫ್ ಮೋಟರ್ ಬದಲಿಸಿದ್ದೆ. ಅವರು ಹಾರ್ನಿನ ಮಾತು ಹೇಳಿದ್ದು, ನಾನು ನಕ್ಕಿದ್ದು, ಎರಡೂ ನೆನಪಿಲ್ಲ. ಆದರೆ ಕೈ ನಿಂತಿತು. ಈ ಗಾಡಿಯಲ್ಲಿ ಬ್ಯಾಟರಿಯ ಮೈನಸ್ ದಪ್ಪ ಕೇಬಲ್ ಮೊದಲು ಗೇರ್‌ಬಾಕ್ಸಿಗೆ ಹೋಗುತ್ತದೆ. ಅಲ್ಲಿಂದ ಬಾಡಿಗೆ ಒಂದು ಹೆಣೆದ ಅರ್ಥ್ ಪಟ್ಟಿ. ಹಾರ್ನಿಗೆ, ದೀಪಕ್ಕೆ, ಎಲ್ಲಕ್ಕೂ ಅರ್ಥ್ ಸಿಗುವುದು ಆ ಪಟ್ಟಿಯಿಂದ. ಸೆಲ್ಫ್ ತೆಗೆಯಬೇಕಾದರೆ ಆ ಪಟ್ಟಿಯ ಬೋಲ್ಟನ್ನು ಮೊದಲು ಬಿಚ್ಚಿ ಪಕ್ಕಕ್ಕೆ ಸರಿಸಬೇಕು.

ಗಾಡಿಯ ಕೆಳಗೆ ಮಲಗಿ ಕೈ ಚಾಚಿದೆ. ಬೋಲ್ಟು ಬೆರಳಿಗೇ ತಿರುಗಿತು.

ನನ್ನ ನೆನಪಿನಲ್ಲಿ ಆ ದಿನ ಪಾನಾ ನನ್ನ ಕೈಯಲ್ಲಿದೆ, ಸೆಲ್ಫಿನ ಎರಡು ಬೋಲ್ಟು ಬಿಗಿಯುತ್ತಿದ್ದೇನೆ, ಆಮೇಲೆ ಮೂರನೆಯದನ್ನೂ ಬಿಗಿಯುತ್ತಿದ್ದೇನೆ. ಇದು ಸ್ಪಷ್ಟವಾಗಿ ಕಾಣುತ್ತದೆ, ಕಡೆಯ ಕಿರ್ರೆನ್ನುವ ಸದ್ದು ಕೂಡ ಕೇಳುತ್ತದೆ. ಇಂಥ ನೂರು ಸೆಲ್ಫುಗಳನ್ನು ಹಾಕಿದ್ದೇನೆ; ಬೇರೆ ಯಾವುದೋ ಗಾಡಿಯ ಸದ್ದನ್ನು ತಂದು ಈ ಗಾಡಿಗೆ ಹಚ್ಚಿಕೊಂಡಿದ್ದೇನೆ. ಬೋಲ್ಟಿಗೆ ಅಂಥ ಸೌಕರ್ಯ ಇಲ್ಲ. ಅದು ಸಡಿಲವಿತ್ತು.

ವೆಲ್ಡಿಂಗ್ ನಡೆದದ್ದು ಬಾಡಿಯ ಮೇಲೆ, ಕ್ಲಿಪ್ ಇದ್ದದ್ದು ಗೇರ್‌ಬಾಕ್ಸಿನ ಮೇಲೆ. ಆ ಕರೆಂಟು ದಪ್ಪ ಪಟ್ಟಿಯಲ್ಲಿ ಹೋಗಬೇಕಿತ್ತು. ಪಟ್ಟಿಯ ಬಾಯಿ ಸಡಿಲವಿದ್ದದ್ದರಿಂದ ಡಬ್ಬಿಯೊಳಗಿನ ಸಣ್ಣ ಗೆರೆಯಲ್ಲಿ ಹೋಯಿತು. ಅರೆಸುಟ್ಟ ಗೆರೆ ಎರಡು ದಿನ ತಾಳಿ ಬಂಕಿನಲ್ಲಿ ಕಡಿದಿರಬೇಕು. ಟರ್ಮಿನಲ್ ಬಿಚ್ಚಿದ್ದರೂ ಅಷ್ಟೇ, ಬಿಚ್ಚದಿದ್ದರೂ ಅಷ್ಟೇ. ಹೈದರಾಬಾದಿನ ಡಬ್ಬಿಯನ್ನು ಹಾಗೇ ಹಚ್ಚಿದ್ದರೆ, ಪಟ್ಟಿ ಹೊರಬೇಕಾದ ಕರೆಂಟಿನ ಭಾರ ಅದರ ಮೇಲೂ ಬೀಳುತ್ತಿತ್ತು.

ಪಟ್ಟಿಯ ಎರಡೂ ತುದಿಗಳನ್ನು ಉಜ್ಜುಕಾಗದದಿಂದ ಹೊಳೆಯುವ ತನಕ ಉಜ್ಜಿ, ಬೋಲ್ಟು ಬಿಗಿದೆ. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಗೇರ್‌ಬಾಕ್ಸಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಅಂದಿನಿಂದ ಪ್ರತಿ ಅರ್ಥ್ ಬೋಲ್ಟಿಗೂ ಎಳೆಯುತ್ತೇನೆ. ಬಿಗಿದೆನೋ ಇಲ್ಲವೋ ಎಂದು ನನ್ನನ್ನು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಆಗಲೇ ಕಾಕಾನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಗಾಡಿ ಶುರುವಾಗಲಿ, ಸಂತೋಷದಲ್ಲಿ ಇರುವಾಗ ಹೇಳಿದರಾಯಿತು ಎಂದುಕೊಂಡೆ.

ಡಬ್ಬಿ ಹಚ್ಚಿದೆ. ‘ಎನ್’ ಬಂತು, ಎಂಜಿನ್ ಶುರುವಾಯಿತು. ಬ್ರೇಕು ಒತ್ತಿ, ಮೊದಲ ಗೇರಿಗೆ ತಂದು, ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ಮೆಲ್ಲಗೆ ಹರಿಯಬೇಕಿತ್ತು. ಗೂಳಿಯ ಹಾಗೆ ಜಿಗಿದು ಹಳೇ ಟೈರುಗಳ ರಾಶಿಗೆ ಗುದ್ದಿ ನಿಂತಿತು. ವೆಲ್ಡಿಂಗ್ ಅಂಗಡಿಯವನು ಓಡಿ ಬಂದ.

ಕ್ಲಚ್ಚಿನ ತಟ್ಟೆಗಳು ಒಂದನ್ನೊಂದು ಹಿಡಿಯಲು ಶುರುಮಾಡುವ ಒಂದು ಬಿಂದು ಇರುತ್ತದೆ. ಎಡಗಾಲಿನಿಂದ ಓಡಿಸುವವರಿಗೆ ಅದು ಪಾದಕ್ಕೆ ಗೊತ್ತು. ಪ್ರತಿ ಗಾಡಿಯಲ್ಲಿ ಬೇರೆ, ಸವೆದಂತೆ ಬೇರೆ. ಡಬ್ಬಿ ಅದನ್ನು ತನ್ನೊಳಗೆ ಬರೆದಿಟ್ಟುಕೊಂಡಿರುತ್ತದೆ. ಈ ಡಬ್ಬಿಗೆ ನೆನಪಿದ್ದದ್ದು ಆ ಜಜ್ಜಿಹೋದ ಗಾಡಿಯ ಕ್ಲಚ್ಚು. ಹೊಸದಾಗಿ ಕಲಿಸಲು ಸ್ಕ್ಯಾನರಿನಲ್ಲಿ ಒಂದು ವಿಧಾನ ಇದೆ. ಮೂರು ಸಲ ಮಾಡಿದೆ. ಮೂರು ಸಲವೂ ಕಡೆಯ ಹೆಜ್ಜೆಯಲ್ಲಿ ನಿರಾಕರಿಸಿತು. ಡಬ್ಬಿಯೊಳಗೆ ಇನ್ನೊಂದು ಗಾಡಿಯ ಚಾಸಿ ನಂಬರ್ ಕೂತಿತ್ತು. ಅದನ್ನು ಬದಲಿಸುವ ಅಧಿಕಾರ ಕಂಪನಿಯ ಯಂತ್ರಕ್ಕೆ ಇದೆ, ನನ್ನದಕ್ಕೆ ಇಲ್ಲ.

ಒಂದೇ ದಾರಿ ಉಳಿದಿತ್ತು. ಎರಡೂ ಹಲಗೆಗಳ ಮೇಲೆ ಎಂಟು ಕಾಲಿನ ಒಂದು ಸಣ್ಣ ಚಿಪ್ಪಿದೆ. ಚಾಸಿ ನಂಬರ್, ಕ್ಲಚ್ಚಿನ ಬಿಂದು, ಈ ಬರಹವೆಲ್ಲ ಇರುವುದು ಅದರಲ್ಲಿ. ನಮ್ಮ ಸತ್ತ ಡಬ್ಬಿಯ ಚಿಪ್ಪನ್ನು ಬಿಡಿಸಿ ಹೈದರಾಬಾದಿನ ಹಲಗೆಗೆ ಕೂಡಿಸಬೇಕು. ಬಿಡಿಸುವಾಗ ಚಿಪ್ಪು ಸುಟ್ಟರೆ ಗಾಡಿಯ ಬರಹ ಶಾಶ್ವತವಾಗಿ ಹೋಯಿತು. ಹಾಗಾದರೆ ಕಂಪನಿಯ ಮೂರು ವಾರ, ಇಲ್ಲವೇ ಕ್ಲಚ್ ಪೆಡಲು.

ಇದನ್ನು ಕಾಕಾನ ಗಾಡಿಯ ಮೇಲೆ ಮಾಡಬೇಕಾದರೆ ಅವರನ್ನು ಕೇಳಬೇಕು. ಕೇಳಬೇಕಾದರೆ, ಕೇಳುವವನು ಯಾರು ಎಂಬುದು ಅವರಿಗೆ ಗೊತ್ತಿರಬೇಕು. ಶನಿವಾರ ಸಂಜೆ ವೆಲ್ಡಿಂಗ್ ಅಂಗಡಿಯವನನ್ನೂ ಕರೆದು ಮರದ ಕೆಳಗೆ ನಿಲ್ಲಿಸಿಕೊಂಡೆ.

“ಕಾಕಾ, ಇವನ ತಪ್ಪಲ್ಲ. ಸೆಲ್ಫ್ ಹಾಕಿದಾಗ ಅರ್ಥ್ ಪಟ್ಟಿ ಬೋಲ್ಟು ನಾ ಬಿಗಿದಿಲ್ಲ. ಅದಕ್ಕ ಡಬ್ಬಿ ಸುಟ್ಟದ. ಇವತ್ತ ಮುಂಜಾನಿ ಗೊತ್ತಾತು. ಹಾರ್ನೂ ಅದಕ್ಕ ಕೆಮ್ಮತಿತ್ತು.”

ಕಾಕಾ ವೆಲ್ಡಿಂಗ್ ಅಂಗಡಿಯವನನ್ನು ನೋಡಿದರು. “ಮೂರು ದಿನ ಆತು, ನಿನ್ನ ಸಲಾಮಿಗೆ ನಾ ತಿರಗಿ ಸಲಾಂ ಮಾಡಿಲ್ಲ.”

“ಗೊತ್ತದರಿ. ಎಣಿಸೀನಿ.”

“ಈಗ ತಗೋ.” ಕೈ ಎತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು. “ಮುಂಜಾನಿ ಗೊತ್ತಾತು, ಸಂಜೀಕ ಹೇಳಾಕತ್ತಿ.”

“ಹೌದ್ರಿ.”

“ಮುಂದ ಏನು?”

ಚಿಪ್ಪಿನ ವಿಷಯ ಹೇಳಿದೆ. ಸುಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಿದೆ.

“ನನ್ನ ಕಾಲು ತಗಿಯೂವಾಗ ಡಾಕ್ಟರ್ ಹಿಂಗ ಹೇಳಿ ಕಾಗದಕ್ಕ ಸಹಿ ಹಾಕಿಸ್ಕೊಂಡಿದ್ದ. ನೀ ಕಾಗದ ತಂದಿಲ್ಲಲ್ಲ, ಅದ ಪುಣ್ಯ.” ಕೋಲಿನ ತುದಿಯಿಂದ ನನ್ನ ಕೈ ತೋರಿಸಿದರು. “ಯಾರು ಬಿಡಸ್ತಾರ? ನೀನಾ?”

“ನನ್ನ ಕೈ ಅಷ್ಟು ಸಣ್ಣ ಕೆಲಸಕ್ಕ ಬರಂಗಿಲ್ರಿ. ಸುರಪುರದಾಗ ಮೊಬೈಲ್ ರಿಪೇರಿ ಮಾಡಾಕಿ ಒಬ್ಬಾಕಿ ಇದ್ದಾಳ.”

“ನಿನ್ನ ಕೈ ಬರಂಗಿಲ್ಲ ಅಂತ ನಿನಗ ಗೊತ್ತಾತಲ್ಲ, ಅಷ್ಟು ಸಾಕು. ಹೋಗು.”

ಭಾನುವಾರ ಮೊದಲ ಬಸ್ಸಿಗೆ ಎರಡೂ ಹಲಗೆಗಳನ್ನು ಹಳೇ ಬನಿಯನ್ನಿನಲ್ಲಿ ಸುತ್ತಿ ಸುರಪುರಕ್ಕೆ ಹೋದೆ. ಮೊಬೈಲ್ ಅಂಗಡಿಯವಳು ಇನ್ನೂ ಶಟರ್ ಎತ್ತುತ್ತಿದ್ದಳು. ಹಲಗೆ ತೋರಿಸಿದೆ.

“ಯಪ್ಪಾ, ಇದೇನ್ರಿ ಅಣ್ಣಾರ, ಇಷ್ಟು ದೊಡ್ಡ ಕಾಲಿನ ಚಿಪ್ಪು! ಇದಕ್ಕ ನನ್ನ ಅಂಗಡಿ ಯಾಕ? ಇದನ್ನ ಅಡಗಿ ಮನಿ ಸಾಣಸಿ ಹಿಡದು ಕೀಳಬಹುದಲ್ಲ.”

“ಇದು ಸುಟ್ಟರ ಒಬ್ಬರ ಗಾಡಿ ಸುಡತದವ್ವ.”

ನಗೆ ನಿಲ್ಲಿಸಿದಳು. ಕಾಕಾನ ವಿಷಯ ಹೇಳಿದೆ. ಅವಳು ಮೊದಲು ಫ್ಯಾನ್ ಬಂದ್ ಮಾಡಿದಳು. ಗಾಳಿ ಬೀಸಿದರೆ ಶಾಖ ಒಂದೇ ಸಮ ಇರುವುದಿಲ್ಲ. ಆ ಬಿಸಿಲಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಫ್ಯಾನಿಲ್ಲದೆ ಬಿಸಿಗಾಳಿಯ ಯಂತ್ರ ಹಚ್ಚಿ ಕೂತೆವು. ಹಲಗೆಯ ಮೇಲೆ ತೇವ ತಾಗದಿರಲೆಂದು ಬಳಿದಿದ್ದ ಮೇಣದಂಥ ಪದರವನ್ನು ಅವಳು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಚಿಪ್ಪಿನ ಸುತ್ತ ಕೆರೆದಳು. ಅಕ್ಕಪಕ್ಕದ ಭಾಗಗಳಿಗೆ ಶಾಖ ತಾಗದ ಟೇಪು ಸುತ್ತಿದಳು. ಅಷ್ಟರಲ್ಲಿ ಒಬ್ಬ ಮುದುಕ ಬಂದು ಮೊಬೈಲಿಗೆ ಗಾಜು ಹಾಕು ಎಂದ.

“ಅಜ್ಜಾ, ಆಪರೇಶನ್ ನಡದದ. ಅರ್ಧಾ ತಾಸು ಬಿಟ್ಟು ಬಾ.”

“ಯಾರಿಗೆ?”

“ಗಾಡಿಗೆ.”

ಅಜ್ಜ ಹೋಗಲಿಲ್ಲ. ಬಾಗಿಲಲ್ಲೇ ಕೂತು ನೋಡಿದ.

ಬಿಸಿಗಾಳಿ ಸುತ್ತಿಸುತ್ತ ಎಂಟೂ ಕಾಲುಗಳ ಬೆಸುಗೆಯ ಸೀಸ ಕರಗಿ ಹೊಳೆದ ಕ್ಷಣದಲ್ಲಿ ಚಿಮಟದಿಂದ ಎತ್ತಿದಳು. ಚಿಪ್ಪನ್ನು ಓದುವ ಯಂತ್ರದಲ್ಲಿ ಇಟ್ಟು ಒಂದು ನಕಲು ತೆಗೆದಳು, ಇನ್ನೊಂದು ತೆಗೆದು ಎರಡನ್ನೂ ಹೋಲಿಸಿದಳು. ಎರಡೂ ಬೇರೆ ಬೇರೆ.

“ಸುಟ್ಟದೇನು?” ಎಂದೆ.

“ತಡೀರಿ. ಒಂದ ಸಲ ಕೇಳಿದ್ದ ನಂಬಬಾರ್ದು.” ಕಾಲುಗಳನ್ನು ಬ್ರಶ್ಶಿನಿಂದ ತೊಳೆದು ಮತ್ತೆ ಓದಿಸಿದಳು. ಮೂರನೆಯದು, ನಾಲ್ಕನೆಯದು, ಐದನೆಯದು. ಮೂರೂ ಒಂದೇ. ಕಾಲಿಗೆ ಮೇಣ ಅಂಟಿತ್ತು, ಅಷ್ಟೇ. ಅವಳು ಮೊದಲ ಎರಡನ್ನು ಅಳಿಸಿದಳು.

ಹೈದರಾಬಾದಿನ ಹಲಗೆಯಿಂದ ಅದರ ಚಿಪ್ಪು ಎತ್ತುವಾಗ ಒಂದು ಕಾಲಿನ ಜೊತೆ ಹಲಗೆಯ ತಾಮ್ರದ ಚುಕ್ಕೆಯೂ ಕಿತ್ತು ಬಂತು. ಈ ಸಲ ಅವಳೇ ಬೈದುಕೊಂಡಳು. ಕೂದಲಿಗಿಂತ ಸಣ್ಣ ತಂತಿಯೊಂದನ್ನು ಆ ಕಾಲಿನಿಂದ ಮುಂದಿನ ಗೆರೆಗೆ ಬೆಸೆದು, ಮೇಲೆ ಒಂದು ಹನಿ ಅಂಟು ಇಟ್ಟು, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿದಳು. ಅದು ಗಾಡಿಯ ನಡುಕಕ್ಕೆ ತಾಳುತ್ತದೆಯೇ ಎಂದು ಕೇಳಿದೆ.

“ನಮ್ಮ ಊರಾಗ ಮೊಬೈಲ್ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮ್ಯಾಲ ಕುಂತು ಹೊಲಕ್ಕ ಹೋಗ್ತಾವರಿ. ತಾಳತದ.”

ಮಧ್ಯಾಹ್ನ ಶಹಾಪುರ. ಡಬ್ಬಿಯ ಮುಚ್ಚಳಕ್ಕೆ ಹೊಸ ಅಂಟು ಹಾಕಿ, ಆರುವ ತನಕ ವೆಲ್ಡಿಂಗ್ ಅಂಗಡಿಯವನ ಶಿಕಂಜದ ಎರಡು ದವಡೆಗಳ ನಡುವೆ ಒತ್ತಿ ಇಟ್ಟೆ. ಹಚ್ಚಿದೆ. ಮುಂದಿನ ಗಾಲಿಗಳನ್ನು ಈ ಸಲ ನೆಲದಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆ. ಸ್ಕ್ಯಾನರ್ ಚಾಸಿ ನಂಬರ್ ತೋರಿಸಿತು, ಕಾಕಾ ಆರ್‌ಸಿ ಕಾರ್ಡು ಹಿಡಿದು ಒಂದೊಂದೇ ಅಂಕಿ ಓದಿದರು. ನಮ್ಮದೇ. ಕಲಿಸುವ ವಿಧಾನ ಶುರು ಮಾಡಿದೆ. ಎಂಜಿನ್ ಬಂದ್ ಇಟ್ಟು ಗೇರುಗಳ ಜಾಗ. ಪಂಪು ಗುಂಯ್ ಎಂದಿತು, ಒಂದೊಂದು ಗೇರೂ ಟಕ್ ಟಕ್ ಎಂದು ಬಿದ್ದು ಎದ್ದಿತು. ಆಮೇಲೆ ಎಂಜಿನ್ ಶುರು ಮಾಡಿ ಕ್ಲಚ್ಚಿನ ಬಿಂದು. ಕಡೆಯ ಹೆಜ್ಜೆ. ಪರದೆಯ ಮೇಲೆ ಗೆರೆ ನಿಧಾನ ತುಂಬಿತು. ಮುಗಿಯಿತು ಎಂಬ ಮಾತು ಬಂತು.

ನಾನು ಕುಣಿದೆ ಎಂದು ವೆಲ್ಡಿಂಗ್ ಅಂಗಡಿಯವನು ಹೇಳುತ್ತಾನೆ. ಇರಬಹುದು.

ಕಾಕಾ ಕುಣಿಯಲಿಲ್ಲ. “ನೆಲದ ಮ್ಯಾಲ ಇಳಿಸು” ಅಂದರು. ಹೊಸ ಮೆಟ್ಟಿಲ ಮೇಲೆ ಬಲಗಾಲಿಟ್ಟು ಹತ್ತಿ ಕೂತು, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಸುರಪುರದ ರಸ್ತೆ ಹಿಡಿದ ಮೇಲೆ ಒಂದು, ಎರಡು, ಮೂರು, ನಾಲ್ಕು, ಗೇರುಗಳು ಸರಿಯಾಗಿ ಏರಿದವು, ಇಳಿದವು. ಸುರಪುರ ಮುಟ್ಟುವ ಮುಂಚೆ ಗುಡ್ಡದ ಏರು ಇದೆ. ಅದರ ನಡುವೆ ಗಾಡಿ ನಿಲ್ಲಿಸಿ, ಬ್ರೇಕು ಒತ್ತಿ ಹಿಡಿದರು. ಹಿಂದೆ ಮುಂದೆ ಯಾವ ಗಾಡಿಯೂ ಇರಲಿಲ್ಲ.

“ಇಳಿ.”

“ಯಾಕ್ರಿ?”

“ಹಿಂದ ಹೋಗಿ ನಿಂದ್ರು.”

ನನಗೆ ಅರ್ಥವಾಯಿತು. ಈ ಜಾತಿಯ ಗಾಡಿ ಏರಿನಲ್ಲಿ ಬ್ರೇಕು ಬಿಟ್ಟ ಕೂಡಲೇ ತುಸು ಹಿಂದೆ ಜಾರುತ್ತದೆ. ಕ್ಲಚ್ಚು ಹಿಡಿದ ಮೇಲೆ ಮುಂದೆ ಹೋಗುತ್ತದೆ. ಎಷ್ಟು ಜಾರುತ್ತದೆ ಎಂಬುದು ಆ ಬಿಂದು ಎಷ್ಟು ಸರಿಯಾಗಿದೆ ಎಂಬುದರ ಮೇಲೆ.

“ಕಾಕಾ, ಸ್ಕ್ಯಾನರ್ ಪಾಸ್ ಅಂದದ.”

“ನಾಳೆ ಇದರಾಗ ಆರು ಮಂದಿ ಹೆಣ್ಮಕ್ಕಳು ಕೂಡ್ತಾರ. ಈ ಏರಿನ್ಯಾಗ ಹಿಂದ ಒಂದು ಸೈಕಲ್ ಇರತದ, ಒಬ್ಬ ಹುಡುಗ ಇರ್ತಾನ. ಬೋಲ್ಟು ಬಿಗಿದೀನಿ ಅಂತ ಅವತ್ತೂ ನೀ ಹೇಳಿದ್ದಿ. ನಿನ್ನ ಮಾತು ಬ್ಯಾಡ, ಸ್ಕ್ಯಾನರ್ ಮಾತೂ ಬ್ಯಾಡ. ನಿಂದ್ರು.”

ಇಳಿದು ಹಿಂದೆ ಹೋಗಿ, ಬಂಪರಿನಿಂದ ಒಂದು ಗೇಣು ಬಿಟ್ಟು ನಿಂತೆ. ಕಾಕಾ ಕನ್ನಡಿಯಲ್ಲಿ ನೋಡಿದರು, “ಹತ್ರ” ಅಂದರು. ಅರ್ಧ ಹೆಜ್ಜೆ ಮುಂದೆ ಬಂದೆ. ಬ್ರೇಕಿನ ಕೆಂಪು ದೀಪ ಆರಿತು. ಗಾಡಿ ಹಿಂದೆ ಬಂತು. ಬಂಪರು ನನ್ನ ಮೊಣಕಾಲಿಗೆ ತಾಗಿ ಒತ್ತಿತು, ಹಿಮ್ಮಡಿ ಜಲ್ಲಿಯಲ್ಲಿ ಹೂತಿತು. ಆಮೇಲೆ ಕ್ಲಚ್ಚು ಹಿಡಿಯಿತು. ಒತ್ತಡ ಬಿಟ್ಟುಹೋಯಿತು, ಗಾಡಿ ಮೇಲೆ ಹತ್ತಿತು.

ನಾಲ್ಕು ಮಾರು ಮುಂದೆ ಹೋಗಿ ಮತ್ತೆ ನಿಂತಿತು. “ಇನ್ನೊಮ್ಮೆ!” ಎಂದು ಕಿಟಕಿಯಿಂದ ಕೈ ಬೀಸಿದರು.

ಓಡಿ ಹೋಗಿ ನಿಂತೆ. ಎರಡನೆಯ ಸಲ ಬಂಪರು ಬಟ್ಟೆಗಷ್ಟೇ ತಾಗಿತು. ಡಬ್ಬಿ ಪ್ರತಿ ಸಲ ಹೊರಟಾಗಲೂ ತನ್ನ ಬಿಂದುವನ್ನು ತುಸು ತಿದ್ದಿಕೊಳ್ಳುತ್ತದೆ ಎಂದು ಓದಿದ್ದೆ, ನೋಡಿರಲಿಲ್ಲ. ಮೂರನೆಯ ಸಲ ಅವರು ಹೇಳುವ ಮೊದಲೇ ಹೋಗಿ, ಮೊದಲಿಗಿಂತ ಹತ್ತಿರ, ಎರಡು ಬೆರಳಿನ ಅಂತರದಲ್ಲಿ ನಿಂತೆ. ದೀಪ ಆರಿತು. ಗಾಡಿ ಒಮ್ಮೆ ನಡುಗಿತು. ಬಂಪರು ನನ್ನನ್ನು ಮುಟ್ಟಲಿಲ್ಲ.

ಕಾಕಾ ಏರಿನ ತುದಿಯವರೆಗೆ ಹೋಗಿ, ಸಮತಟ್ಟಿನಲ್ಲಿ ನಿಲ್ಲಿಸಿ, ಪಕ್ಕದ ಬಾಗಿಲು ತೆರೆದಿಟ್ಟು ಕಾದರು. ನಾನು ಏದುಸಿರು ಬಿಡುತ್ತ ನಡೆದು ಮೇಲೆ ಬಂದೆ.

“ಕೂಡು ಜಲ್ದಿ” ಅಂದರು. “ಸೀಟಿನ ಮ್ಯಾಲೆಲ್ಲ ನಿನ್ನ ಗ್ರೀಸಿನ ಕೈ ಹತ್ಯಾವ. ಮನೀಗೆ ಹೋಗಿ ತೊಳೀಬೇಕು. ಮುಂಜಾನಿ ಮೇಡಮ್ಮಾರ ಸೀರಿಗೆ ಹತ್ತಿದ್ರ ಬೈಸ್ಕೊಳ್ಳಾವ ನಾನು.”